ಸ್ಟೀಕ್ ಮೆತ್ತಗೆ ಬರಬೇಕಾ? ಬೇಗ ಇಳಿಸಿ

ಸ್ಟೀಕ್, ಅಂದರೆ ಕಾವಲಿ ಮೇಲೆ ಬೇಯಿಸುವ ದನದ ಮಾಂಸದ ತುಂಡು, ಗಟ್ಟಿಯಾದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಇನ್ನೂ ಸ್ವಲ್ಪ ಬೇಯಬೇಕಿತ್ತು.’ ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಮಾಡಿದ ದಿನ ಅಗಿಯಲು ಆಗಲಿಲ್ಲ ಅಂತ ತುಂಡನ್ನು ವಾಪಸ್ ಕಾವಲಿಗೆ ಹಾಕಿದೆ. ಎರಡನೇ ಸಲ ತಟ್ಟೆಗೆ ಬಂದದ್ದು ಚಪ್ಪಲಿ ಅಟ್ಟೆ.

ತರಕಾರಿ ಬೇಯಿಸಿದಷ್ಟೂ ಮೆತ್ತಗಾಗುತ್ತದೆ. ಸ್ಟೀಕ್ ಲೆಕ್ಕ ಬೇರೆ. ಬಿಸಿ ಏರಿದಂತೆ ಮಾಂಸದ ಎಳೆಗಳು ಕುಗ್ಗುತ್ತವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರೆಲ್ಲ ಹೊರಗೆ ಬರುತ್ತದೆ. 65 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಂತೂ ಇದು ಜೋರು. ಹಾಗಾದರೆ ಗಂಟೆಗಟ್ಟಲೆ ಕುದಿಸಿದ ಮಾಂಸ ಹೇಗೆ ಮೆತ್ತಗಿರುತ್ತದೆ ಅಂತ ಕೇಳಬಹುದು. ಕಾಲು, ಹೆಗಲಿನ ಮಾಂಸದಲ್ಲಿ ಕೊಲಾಜನ್ ಅನ್ನುವ ಗಟ್ಟಿ ನಾರಿನ ಪ್ರೋಟೀನ್ ಜಾಸ್ತಿ. ಅದು ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಬೆಂದು ಮೆತ್ತನೆಯ ಜಿಲೆಟಿನ್ ಆಗುತ್ತದೆ. ಸ್ಟೀಕ್ ಕಾವಲಿ ಮೇಲೆ ಇರುವುದೇ ಹತ್ತು ನಿಮಿಷ. ಅಷ್ಟರಲ್ಲಿ ಕೊಲಾಜನ್ ಕರಗುವುದಿಲ್ಲ, ನೀರು ಮಾತ್ರ ಹೋಗುತ್ತದೆ.

ಅದಕ್ಕೇ ಅರ್ಧ ಕೆಲಸ ಅಂಗಡಿಯಲ್ಲೇ ಮುಗಿಯಬೇಕು. ದನ ಓಡಾಡುವಾಗ ಹೆಚ್ಚು ದುಡಿಯದ ಭಾಗ ಮೆತ್ತಗಿರುತ್ತದೆ. ಟೆಂಡರ್‌ಲಾಯ್ನ್ (ಸೊಂಟದ ಒಳಭಾಗದ ಮಾಂಸ) ಎಲ್ಲಕ್ಕಿಂತ ಮೃದು, ಆದರೆ ಕೊಬ್ಬು ಕಡಿಮೆ, ರುಚಿಯೂ ಸ್ವಲ್ಪ ಸಪ್ಪೆ. ನನ್ನ ಓಟು ಪಕ್ಕೆಲುಬಿನ ಭಾಗದ ರಿಬ್‌ಐಗೆ. ಮಾಂಸದ ನಡುವೆ ಬಿಳಿ ಕೊಬ್ಬು ಸಣ್ಣ ಸಣ್ಣ ಗೆರೆಯಾಗಿ ಹರಡಿರುವ ತುಂಡನ್ನು ಆರಿಸಿ. ದಪ್ಪ ಒಂದೂವರೆ ಇಂಚಾದರೂ ಇರಲಿ. ತೆಳ್ಳಗಿದ್ದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿರುತ್ತದೆ. ಇಬ್ಬರಿಗೆ ಎರಡು ತೆಳ್ಳನೆಯ ತುಂಡು ತರುವ ಬದಲು ದಪ್ಪನೆಯ ಒಂದನ್ನೇ ತಂದು ಹಂಚಿಕೊಳ್ಳಿ.

ಉಪ್ಪಿನ ವಿಷಯದಲ್ಲಿ ಹೊತ್ತು ನೋಡಬೇಕು. ಉಪ್ಪು ಹಾಕಿದ ಐದು ಹತ್ತು ನಿಮಿಷಕ್ಕೆ ಮಾಂಸ ಬೆವರುತ್ತದೆ. ಆಗ ಕಾವಲಿಗೆ ಹಾಕಿದರೆ ಕೆಟ್ಟಿತು. 40 ನಿಮಿಷ ಬಿಟ್ಟರೆ ಆ ಉಪ್ಪುನೀರು ನಿಧಾನವಾಗಿ ಮತ್ತೆ ಒಳಗೆ ಇಳಿಯುತ್ತದೆ. ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ, ಜಾಲರಿ ಮೇಲೆ ಫ್ರಿಜ್‌ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಹೊತ್ತಿಲ್ಲವಾ? ಹಾಗಾದರೆ ಕಾವಲಿಗೆ ಹಾಕುವ ಗಳಿಗೆಯಲ್ಲೇ ಉದುರಿಸಿ. ಹಸಿ ಪಪ್ಪಾಯಿ, ಅನಾನಸ್ ರಸ ಹಚ್ಚುವವರಿದ್ದಾರೆ. ಒಳ್ಳೆಯ ತುಂಡಿಗೆ ಅದು ಬೇಡವೇ ಬೇಡ. ಮೇಲ್ಭಾಗ ಮಾತ್ರ ಪಿಚಪಿಚ ಆಗುತ್ತದೆ, ಒಳಗೆ ಹೇಗಿತ್ತೋ ಹಾಗೇ ಇರುತ್ತದೆ.

ಮಾಂಸವನ್ನು ಪೇಪರ್ ಟವೆಲ್‌ನಿಂದ ಒತ್ತಿ ಒತ್ತಿ ಒರೆಸಿ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಆ ಚೆಂದದ ಕಂದು ಬಣ್ಣ ಬರಲು ಸುಮಾರು 140 ಬೇಕು. ಮೇಲೆ ಪಸೆಯಿದ್ದರೆ ಉರಿಯೆಲ್ಲ ನೀರು ಆರಿಸಲಿಕ್ಕೇ ಖರ್ಚಾಗುತ್ತದೆ. ಹೀಗೆ ಬಣ್ಣ ಬರುವುದಕ್ಕೆ ಮಯಾರ್ ಕ್ರಿಯೆ ಅಂತ ಹೆಸರು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ ಅವರ ಹೆಸರನ್ನೇ ಇಟ್ಟಿದ್ದಾರೆ. ಹೊರಗೆ ಸುಟ್ಟರೆ ರಸ ಒಳಗೇ ಉಳಿಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ಕಾವಲಿಯಲ್ಲಿ ಚುರ್ ಅನ್ನುವ ಸದ್ದೇ ಹೊರಬೀಳುವ ನೀರಿನದು. ಬಣ್ಣ ಬರಿಸುವುದು ರುಚಿಗೆ, ಅಷ್ಟೇ.

ಭಾರದ ಕಬ್ಬಿಣದ ಕಾವಲಿ ಇದ್ದರೆ ಅದನ್ನೇ ತೆಗೆಯಿರಿ. ಎಣ್ಣೆ ಸಣ್ಣಗೆ ಹೊಗೆಯಾಡುವ ತನಕ ಕಾಯಲಿ, ಕಿಟಕಿ ತೆಗೆದಿಡಿ. ಬೆಣ್ಣೆ ಈಗಲೇ ಹಾಕಿದರೆ ಕರಕಲು. ಅದನ್ನು ಕೊನೆಯ ಒಂದು ನಿಮಿಷಕ್ಕೆ ಇಟ್ಟುಕೊಳ್ಳಿ, ಜೊತೆಗೆ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ. ಒಂದೇ ಸಲ ಮಗುಚಬೇಕು ಅನ್ನುವ ನಿಯಮವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನಿಮಿಷಕ್ಕೊಮ್ಮೆ ಮಗುಚಿದರೆ ಎರಡೂ ಕಡೆ ಸಮನಾಗಿ ಬೇಯುತ್ತದೆ. ಚಮಚದಿಂದ ಒತ್ತುವ ಚಾಳಿ ಮಾತ್ರ ಬೇಡ.

ಈಗ ಇಳಿಸುವ ವಿಷಯ. ಬೆರಳಿನಿಂದ ಒತ್ತಿ ನೋಡಿ ಹೇಳುವವರಿದ್ದಾರೆ, ನನಗಂತೂ ಅದು ಇವತ್ತಿಗೂ ಬರಲಿಲ್ಲ. ಸುಮ್ನೆ ಒಂದು ಮಾಂಸದ ಥರ್ಮಾಮೀಟರ್ ತಂದುಬಿಡಿ. ಮುಳ್ಳನ್ನು ಪಕ್ಕದಿಂದ ನಟ್ಟನಡುವಿಗೆ ಚುಚ್ಚಿ. 52 ಡಿಗ್ರಿ ತೋರಿಸಿದಾಗ ಇಳಿಸಿದರೆ, ಹೊರಗಿನ ಬಿಸಿ ಒಳಗೆ ಸರಿದು ತಟ್ಟೆಯಲ್ಲೇ 55ರ ಆಸುಪಾಸಿಗೆ ಏರುತ್ತದೆ. ಒಳಗೆ ಇನ್ನೂ ಕೆಂಪಗಿರುವ ಮೀಡಿಯಂ ರೇರ್ ಅನ್ನುವುದು ಇದನ್ನೇ. 70 ದಾಟಿದರೆ ವೆಲ್ ಡನ್, ಅಂದರೆ ಪೂರ್ತಿ ಬೆಂದದ್ದು, ದವಡೆಗೆ ಕೆಲಸ. ಆದರೆ ಗರ್ಭಿಣಿಯರು, ಚಿಕ್ಕ ಮಕ್ಕಳು, ನನ್ನಂಥ ವಯಸ್ಸಾದವರು ಹುಷಾರಾಗಿರಬೇಕು. ಅಮೆರಿಕದ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡಬೇಕು. ನನ್ನ ಪಾಲನ್ನು ನಾನು ಈಗ ಅಷ್ಟಕ್ಕೇ ಬೇಯಿಸಿಕೊಳ್ಳುತ್ತೇನೆ. ದಪ್ಪ ತುಂಡು ಅಲ್ವಾ, ಆಗಲೂ ಚೆನ್ನಾಗೇ ಇರುತ್ತದೆ. ಕೊಚ್ಚಿದ ಮಾಂಸಕ್ಕೆ ಮಾತ್ರ ಈ ಲೆಕ್ಕ ಬೇಡ. ಅದರಲ್ಲಿ ಹೊರಗಿನ ಸೂಕ್ಷ್ಮಾಣುಗಳು ಒಳಗೆಲ್ಲ ಬೆರೆತಿರುತ್ತವೆ, 71 ಡಿಗ್ರಿ ಬೇಕೇ ಬೇಕು.

ಇಳಿಸಿದ ಮೇಲೆ ಐದಾರು ನಿಮಿಷ ಮುಟ್ಟಬೇಡಿ. ತಟ್ಟೆಯಲ್ಲಿ ಕೆಂಪು ನೀರು ಕಂಡು ರಕ್ತ ಅಂತ ಮುಖ ಹಿಂಡಬೇಡಿ. ಅದು ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಬೆರೆತ ನೀರು.

ಕತ್ತರಿಸುವಾಗ ಎಳೆಗಳು ಯಾವ ಕಡೆ ಓಡುತ್ತವೆ ನೋಡಿ, ಅದಕ್ಕೆ ಅಡ್ಡವಾಗಿ ಚಾಕು ಇಡಿ. ಉದ್ದ ಎಳೆಯನ್ನು ಹಲ್ಲು ಕಡಿಯಬೇಕಾದ ಕೆಲಸವನ್ನು ಚಾಕುವೇ ಮಾಡಿಬಿಡುತ್ತದೆ. ಫ್ಲ್ಯಾಂಕ್‌ನಂಥ (ಹೊಟ್ಟೆಯ ಭಾಗದ ಮಾಂಸ) ಉದ್ದ ಎಳೆಯ ಅಗ್ಗದ ತುಂಡು ತಂದಿದ್ದರೆ ಇದೊಂದರಿಂದಲೇ ಊಟ ಉಳಿಯುತ್ತದೆ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನದಲ್ಲಿ ಮುಗಿಸಿ. ಮತ್ತೆ ಜೋರಾಗಿ ಬಿಸಿ ಮಾಡಿದರೆ ಅದೇ ಚಪ್ಪಲಿ ಅಟ್ಟೆ. ನಮ್ಮನೆಯಲ್ಲಿ ತಣ್ಣಗಿರುವಾಗಲೇ ತೆಳ್ಳಗೆ ಹೆಚ್ಚಿ ಬ್ರೆಡ್ ನಡುವೆ ಇಟ್ಟು ತಿನ್ನುತ್ತೇವೆ.