ಬಟನ್ ಸೀಟಿನಿಂದ ದೊಡ್ಡ ರೇಸ್: ನನ್ನ ಅನುಭವ

ಪಣಜಿಯಲ್ಲಿ ಮಾಂಡವಿ ನದಿಯ ಕ್ಯಾಸಿನೊ ಹಡಗಿನಲ್ಲಿ ಮೊದಲ ಸಲ ಪೋಕರ್‌ಗೆ ಕೂತಾಗ ಒಳ್ಳೆ ಎಲೆ ಬರಲಿ ಅಂತ ಕಾಯುತ್ತಿದ್ದೆ. ಎಲೆ ನೋಡುವ ಮೊದಲೇ ಇಡಬೇಕಾದ ಕಡ್ಡಾಯ ಬಾಜಿ, ಅಂದರೆ ಬ್ಲೈಂಡ್, ಕಟ್ಟಿ ಕಟ್ಟಿಯೇ ಚಿಪ್ಸ್ ಕರಗಿತು. ಬಟನ್ ಸೀಟಿನ (ಪ್ರತಿ ಆಟಕ್ಕೂ ಒಬ್ಬರಿಂದ ಮುಂದಿನವರಿಗೆ ಸರಿಯುವ ಗುರುತುಬಿಲ್ಲೆ ಇರುವ ಜಾಗದ) ಬೆಲೆ ಅರ್ಥವಾದ ಮೇಲೆ ನನ್ನ ಆಟ ಬದಲಾಯಿತು. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ, ಬಿದ್ದ ಮೇಲೆ ಪ್ರತಿ ಸುತ್ತಿನಲ್ಲೂ ಬಟನ್‌ನವರದೇ ಕೊನೆಯ ಸರದಿ. ಉಳಿದವರು ಏನು ಮಾಡಿದರು ಅಂತ ನೋಡಿಕೊಂಡು ಆಡಬಹುದು.

ಒಂದು ಆಟ ಚೆನ್ನಾಗಿ ನೆನಪಿದೆ. ಬಟನ್‌ನ ಎಡಗಡೆಯ ಇಬ್ಬರು ಕಟ್ಟುವ ಬ್ಲೈಂಡ್ 100 ಮತ್ತು 200. ಒಬ್ಬರು ಬಾಜಿ ಏರಿಸಿ 500ಕ್ಕೆ ರೇಸ್ ಮಾಡಿದರು, ಇನ್ನೊಬ್ಬರು ಸುಮ್ನೆ ಅಷ್ಟೇ ಇಟ್ಟು ಕಾಲ್ ಮಾಡಿದರು. ಬಟನ್‌ನಲ್ಲಿದ್ದ ನನಗೆ ಬಂದಿದ್ದು ಆಟೀನ್ ಎಕ್ಕ, ಆಟೀನ್ ಐದು. 2,400 ಮುಂದಿಟ್ಟೆ. ರೇಸ್, ಕಾಲ್ ಎರಡೂ ಆದ ಮೇಲೆ ಹೀಗೆ ದೊಡ್ಡದಾಗಿ ಏರಿಸುವುದಕ್ಕೆ ಸ್ಕ್ವೀಜ್ ಅಂತಾರೆ. ಕಾಲ್ ಮಾಡಿದವರ ಹತ್ತಿರ ಎರಡು ಎಕ್ಕ ಇದ್ದಿದ್ದರೆ ಬಹುಶಃ ಅವರೇ ರೇಸ್ ಮಾಡುತ್ತಿದ್ದರು, ಅಲ್ವಾ? ಹಾಗಾಗಿ ಭಯ ಮೊದಲನೆಯವರದ್ದು ಮಾತ್ರ. ಅವರು ಎಲೆಯ ಮೂಲೆಯನ್ನು ಎರಡನೇ ಸಲ ಎತ್ತಿ ನೋಡಿದರು. ಚಿಪ್ಸ್ ಮೇಲೆ ಬೆರಳಾಡಿಸಿದರು. ಆಮೇಲೆ ಎಲೆಗಳನ್ನು ಡೀಲರ್ ಕಡೆ ಸರಿಸಿದರು. ಇನ್ನೊಬ್ಬರೂ ಎಲೆ ಬಿಟ್ಟು ಫೋಲ್ಡ್.

ಎಕ್ಕ-ಐದೇ ಯಾಕೆ? ನನ್ನ ಕೈಲಿ ಒಂದು ಎಕ್ಕ ಇದ್ದರೆ, ಎದುರಿನವರಿಗೆ ಜೋಡಿ ಎಕ್ಕ ಬರುವ 6 ದಾರಿಗಳಲ್ಲಿ 3 ಮಾತ್ರ ಉಳಿಯುತ್ತವೆ. ಎಕ್ಕ-ರಾಜ ಬರುವ ದಾರಿಗಳು 16ರಿಂದ 12ಕ್ಕೆ ಇಳಿಯುತ್ತವೆ. ಯಾರಾದರೂ ಕಾಲ್ ಮಾಡಿದರೂ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಸೆ ಇರುತ್ತದೆ. ಲೆಕ್ಕವೂ ಮುಖ್ಯ. ಪಾಟ್‌ನಲ್ಲಿ, ಅಂದರೆ ಮಧ್ಯದಲ್ಲಿ ಸೇರಿದ ಬಾಜಿಯಲ್ಲಿ, ಇದ್ದದ್ದು 1,300, ನಾನಿಟ್ಟದ್ದು 2,400. ನೂರಕ್ಕೆ 65 ಸಲ ಎಲ್ಲರೂ ಫೋಲ್ಡ್ ಮಾಡಿದರೆ ಈ ರೇಸ್ ತನ್ನಷ್ಟಕ್ಕೇ ಗಿಟ್ಟುತ್ತದೆ.

ಅದೇ ಧೈರ್ಯದಲ್ಲಿ ಇನ್ನೊಂದು ರಾತ್ರಿ ಪೆಟ್ಟು ತಿಂದೆ. ಅದೇ ಥರದ ಎಲೆ, ಅದೇ 2,400. ಆದರೆ ಬಿಗ್ ಬ್ಲೈಂಡ್‌ನವರ (200 ಕಟ್ಟಿದವರ) ಹತ್ತಿರ ಇದ್ದದ್ದೇ 3,000. ಅವರು ಪೂರ್ತಿ ತಳ್ಳಿಬಿಟ್ಟರು. ಪಾಟ್ 6,500 ಆಗಿತ್ತು, ನಾನು ಹಾಕಬೇಕಾದದ್ದು ಬರೀ 600. ಬಿಡುವ ಹಾಗೇ ಇರಲಿಲ್ಲ. ಅವರದ್ದು ಜೋಡಿ ಒಂಬತ್ತು. ನನಗೆ ಎಕ್ಕ ಬೀಳಲೇ ಇಲ್ಲ.

ಈಗ ಎಲೆ ನೋಡುವ ಮೊದಲೇ ಎಡಗಡೆಯ ಇಬ್ಬರ ಚಿಪ್ಸ್ ನೋಡುತ್ತೇನೆ. ಕಮ್ಮಿ ಚಿಪ್ಸ್ ಇರುವವರ ಮೇಲೆ ಒತ್ತಡ ನಡೆಯುವುದಿಲ್ಲ. ಸೋತ ಸಿಟ್ಟಿನಲ್ಲಿ ಎಲ್ಲದಕ್ಕೂ ಕಾಲ್ ಮಾಡುವವರ ಮೇಲಂತೂ ಬೇಡವೇ ಬೇಡ. ಅಂಥವರು ಕೂತಿದ್ದರೆ ಎಕ್ಕ-ಐದನ್ನು ಬಿಟ್ಟು, ಜೋಡಿ ರಾಣಿ ಬಂದಾಗ ಅದೇ 2,400 ಇಡುತ್ತೇನೆ.