ದೂರದೂರಿನ ಫೋರ್‌ವ್ಹೀಲ್ ಡ್ರೈವ್: ಟೋಕನ್ ಕೊಡುವ ಮುನ್ನ ಚಾಸಿಯ ತುಕ್ಕು ನೋಡುವುದು ಹೇಗೆ?

ಮಳೆಗಾಲ ಮುಗಿಯುತ್ತಿದ್ದಂತೆ ಪುಣೆಯ ಕನ್ನಡಿಗರ ನಡುವೆ ಹಳೆಯ ಜಿಪ್ಸಿ, ಥಾರ್, ಗೂರ್ಖಾಗಳಂಥ ಫೋರ್‌ವ್ಹೀಲ್ ಡ್ರೈವ್ ಗಾಡಿಗಳ ಮಾತು ಶುರುವಾಗುತ್ತದೆ. ಗಾಡಿ ಇರುವುದು ಗೋವೆಯ ಮಾಪ್ಸಾದಲ್ಲೋ ಮುಂಬಯಿಯ ವರ್ಸೋವಾದಲ್ಲೋ. ಕೊಳ್ಳುವವರು ಇರುವುದು ಚಿಂಚವಡದಲ್ಲಿ. ನಾಲ್ಕಾರು ಫೋಟೊ ನೋಡಿ ಟೋಕನ್ ಹಣ ಕಳುಹಿಸಿ ರಾತ್ರಿ ಬಸ್ಸು ಹತ್ತುತ್ತಾರೆ. ಅಲ್ಲಿ ಬಗ್ಗಿ ನೋಡಿದಾಗ ಅಡಿಯ ತುಕ್ಕು ಕಂಡು ಎದೆ ಧಸಕ್ಕೆನ್ನುತ್ತದೆ. ಆದರೂ ಕೊಟ್ಟ ಹಣ ಬಿಡಲಾಗದೆ ಗಾಡಿಯನ್ನು ಕೊಂಡೇ ಬರುತ್ತಾರೆ. ಇದನ್ನು ಕಂಡು ಕಂಡು ಬೇಸತ್ತು ಈ ಲೇಖನ ಬರೆಯುತ್ತಿದ್ದೇನೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚಾಸಿ, ಅಂದರೆ ಅಡಿಯಲ್ಲಿ ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟು, ತುಕ್ಕು ತಿಂದುಹೋದ ಗಾಡಿಗೆ ಮಾತ್ರ ಹಣ ಸುರಿಯಬಾರದು.

ಮೊದಲು ಗಾಡಿಯ ಪೂರ್ವಾಪರ ತಿಳಿಯಿರಿ. ನಂಬರ್ ಹಾಕಿದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿಯ ದಿನಾಂಕ, ಫಿಟ್‌ನೆಸ್, ವಿಮೆಯ ಅವಧಿ ಸಿಗುತ್ತವೆ. ಎಂಎಚ್-12 ಪುಣೆಯದು, ಎಂಎಚ್-02 ಅಂಧೇರಿಯದು, ಜಿಎ-03 ಮಾಪ್ಸಾದ್ದು. ಆದರೆ ನಂಬರ್ ಪ್ಲೇಟ್ ನೋಡಿ ನಿರ್ಧರಿಸಬೇಡಿ. ಪುಣೆಯಲ್ಲಿ ನೋಂದಣಿಯಾಗಿ ಬಾಳೆಲ್ಲ ಕಡಲ ಪಕ್ಕದಲ್ಲಿ ಕಳೆದ ಗಾಡಿಗಳೂ ಇವೆ. ಸರ್ವಿಸ್ ಬಿಲ್‌ಗಳನ್ನು ಕೇಳಿ, ಅವು ಯಾವ ಊರಿನವು ಎಂದು ನೋಡಿ. ರಾತ್ರಿ ಗಾಡಿ ನಿಲ್ಲುವುದು ಬಯಲಿನಲ್ಲೋ ಸೂರಿನಡಿಯೋ, ಸಮುದ್ರ ಎಷ್ಟು ದೂರ ಎಂದು ನೇರವಾಗಿ ವಿಚಾರಿಸಿ.

ಈ ಪ್ರಶ್ನೆಗಳಿಗೆ ಕಾರಣವಿದೆ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಪಣಜಿಯಲ್ಲಿ ಹತ್ತಿರ ಹತ್ತಿರ 3,000. ಆದರೂ ಬರಿಯ ಮಳೆನೀರಿಗಿಂತ ಗಾಳಿಯಲ್ಲಿ ತೇಲಿಬರುವ ಉಪ್ಪು ಹೆಚ್ಚು ಅಪಾಯಕಾರಿ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗುತ್ತದೆ. ಕರಾವಳಿಯಲ್ಲಿ ಅಷ್ಟು ತೇವ ಮಳೆಯಿಲ್ಲದ ರಾತ್ರಿಗಳಲ್ಲೂ ಇರುತ್ತದೆ. ಹಾಗಾಗಿ ಸುಮ್ಮನೆ ನಿಂತ ಗಾಡಿಯ ಕಬ್ಬಿಣವೂ ತುಕ್ಕು ಹಿಡಿಯುತ್ತಲೇ ಇರುತ್ತದೆ. ಗೋವೆಯ ಕಡಲತೀರದ ಮರಳಿನಲ್ಲಿ ವಾಹನ ಓಡಿಸುವುದು ನಿಷಿದ್ಧ. ಆದರೂ ಓಡಿಸಿ ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತದೆ, ಅಂಥ ಗಾಡಿಗಳೂ ಒಂದು ದಿನ ಮಾರಾಟಕ್ಕೆ ಬರುತ್ತವೆ. ಮುಂಬಯಿಯ ಗಾಡಿಯಾದರೆ ನೆರೆನೀರಿನಲ್ಲಿ ಮುಳುಗಿತ್ತೇ ಎಂದು ತಿಳಿಯಲು ವಿಮೆ ಕ್ಲೇಮ್‌ನ ವಿವರ ಕೇಳಿ.

ಎರಡನೆಯದಾಗಿ, ನಿಮ್ಮ ಕಡೆಯವರೊಬ್ಬರನ್ನು ಅಲ್ಲಿಗೆ ಕಳುಹಿಸಿ. ವಾಸ್ಕೊ, ಮಡಗಾಂವ್‌ಗಳಲ್ಲಿ ನಮ್ಮ ಜನ ಬೇಕಾದಷ್ಟಿದ್ದಾರೆ. ಯಾರದಾದರೂ ಭಾವನೋ ಸೋದರಮಾವನೋ ಸಿಕ್ಕೇ ಸಿಗುತ್ತಾರೆ. ಅವರಿಗೆ ಗಾಡಿಯ ಗಂಧವೇ ಇಲ್ಲದಿದ್ದರೂ ಅಡ್ಡಿಯಿಲ್ಲ. ಕೈಯಲ್ಲಿ ಟಾರ್ಚ್, ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಆಯಸ್ಕಾಂತ ಇರಲಿ. ಗಾಡಿ ತೊಳೆಯುವ ಸರ್ವಿಸ್ ಸೆಂಟರ್‌ಗೆ ಒಯ್ದು ಲಿಫ್ಟ್ ಮೇಲೆ ಏರಿಸಲಿ, ಆದರೆ ತೊಳೆಯುವ ಮುನ್ನವೇ ಒಮ್ಮೆ ನೋಡಲಿ. ವಿಡಿಯೊ ಕರೆಯನ್ನು ನೆಚ್ಚಬೇಡಿ, ಅದರಲ್ಲಿ ಚಿತ್ರ ಮಸುಕಾಗಿ ತುಕ್ಕು ಯಾವುದು, ಕೆಸರು ಯಾವುದು ಎಂದೇ ತಿಳಿಯುವುದಿಲ್ಲ. ನಂಬರ್ ಪ್ಲೇಟಿನಿಂದ ಶುರುಮಾಡಿ ಎಲ್ಲಿಯೂ ನಿಲ್ಲಿಸದೆ ಚಾಸಿಯ ಕೊನೆಯವರೆಗೆ ಚಿತ್ರೀಕರಿಸಿದ ವಿಡಿಯೊ ತರಿಸಿಕೊಳ್ಳಿ. ಸುತ್ತಿಗೆಯ ಸದ್ದೂ ಅದರಲ್ಲಿ ಕೇಳಬೇಕು.

ಇನ್ನು ಮುಖ್ಯ ಕೆಲಸ. ಜಿಪ್ಸಿ, ಥಾರ್, ಗೂರ್ಖಾಗಳೆಲ್ಲ ಪ್ರತ್ಯೇಕ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಉದ್ದಕ್ಕೆ ಎರಡು ತೊಲೆ, ಅಡ್ಡಕ್ಕೆ ಕೆಲವು ಪಟ್ಟಿ. ತೊಲೆಗಳ ಒಳಗು ಟೊಳ್ಳು. ಕಾಡುದಾರಿಯ ಕೆಸರು ತೂತುಗಳ ಮೂಲಕ ಒಳಸೇರಿ, ನೀರು ಹರಿದುಹೋಗುವ ರಂಧ್ರಗಳನ್ನು ಮುಚ್ಚಿ, ತಿಂಗಳುಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಈ ಗಾಡಿಗಳ ಚಾಸಿ ಹೆಚ್ಚಾಗಿ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ, ಹೊರಗೆ ಕಂಡಾಗ ಒಳಗೆ ಮುಗಿದಿರುತ್ತದೆ. ಆದ್ದರಿಂದ ಕಣ್ಣಿಗಿಂತ ಕಿವಿಯನ್ನು ನಂಬಿ. ತೊಲೆಯ ಉದ್ದಕ್ಕೂ, ಅದರಲ್ಲೂ ತಳಭಾಗಕ್ಕೆ, ಗೇಣಿಗೊಂದರಂತೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಸವೆದಲ್ಲಿ ಬಿರುಕು ಬಿಟ್ಟ ಮಡಕೆಯ ಹಾಗೆ ಮಂಕಾದ ಸದ್ದು ಬರುತ್ತದೆ, ಒಳಗಿನಿಂದ ಪುಡಿ ಉದುರುವುದೂ ಕೇಳುತ್ತದೆ. ಅಲ್ಲಿ ಸ್ಕ್ರೂಡ್ರೈವರ್‌ನ ತುದಿ ಒತ್ತಿ ನೋಡಿ. ಮಾಲೀಕರು ಬೇಡವೆಂದರೆ ಅಲ್ಲಿಗೇ ವ್ಯವಹಾರ ಮುಗಿಸಿ.

ಹೆಚ್ಚು ಹೊತ್ತು ಕೊಡಬೇಕಾದ ಜಾಗಗಳು ಇವು: ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು) ಚಾಸಿಗೆ ಸೇರುವ ಕೊಂಡಿಗಳ ಸುತ್ತ, ಹಿಂಬದಿಯ ಕೊನೆಯ ಅಡ್ಡಪಟ್ಟಿ, ಹಿಂಚಕ್ರದ ಮೇಲೆ ತೊಲೆ ಬಾಗುವ ಕಡೆ, ಬಾಡಿ ಕೂರುವ ರಬ್ಬರ್ ಬುಷ್‌ಗಳ ಕೆಳಗಿನ ಬ್ರಾಕೆಟ್‌ಗಳು, ಇಂಧನ ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳ ಹಿಂಭಾಗ. ಮೊಬೈಲ್‌ಗೆ ಸಿಕ್ಕಿಸುವ ತೆಳು ವೈರಿನ ಕ್ಯಾಮೆರಾ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ತೊಲೆಯ ತೂತಿನೊಳಗೆ ಇಳಿಸಿದರೆ ಒಳಗಿನ ಸ್ಥಿತಿ ನೇರವಾಗಿ ಕಾಣುತ್ತದೆ. ಗಾಡಿ ನೋಡಲು ಹೋಗುವವರ ಕೈಗೆ ನಾನು ಇದನ್ನು ಕಡ್ಡಾಯವಾಗಿ ಕೊಟ್ಟು ಕಳುಹಿಸುತ್ತೇನೆ. ಚಾಸಿ ನಂಬರ್ ಸ್ಪಷ್ಟವಾಗಿದೆಯೇ, ಆರ್‌ಸಿಯೊಂದಿಗೆ ತಾಳೆಯಾಗುತ್ತದೆಯೇ ಎಂಬುದನ್ನೂ ಆಗಲೇ ನೋಡಿ. ತುಕ್ಕಿನಲ್ಲಿ ಅಂಕಿಗಳು ಅಳಿಸಿದ್ದರೆ ಆರ್‌ಟಿಒದಲ್ಲಿ ಪಾಡು ಪಡಬೇಕಾಗುತ್ತದೆ. ರೆನೋ ಡಸ್ಟರ್‌ನಂಥ ಗಾಡಿಗೆ ಪ್ರತ್ಯೇಕ ಚಾಸಿಯೇ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅಲ್ಲಿ ಬಾಗಿಲಿನ ಕೆಳಗಿನ ಹೊಸ್ತಿಲಪಟ್ಟಿಯನ್ನು ಇಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಮಾರುವ ವಾರದಲ್ಲಿ ಹೊಡೆಸಿದ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಕಂಡರೆ ಹಿಂದೆ ಸರಿಯಿರಿ. ತುಕ್ಕನ್ನು ಕೆರೆದು ತೆಗೆಯದೆ ಬಳಿದ ಆ ಡಾಂಬರಿನಂಥ ಪದರ ತೇವವನ್ನು ಒಳಗೇ ಹಿಡಿದಿಟ್ಟು ಕೊಳೆಯುವುದನ್ನು ಮುಂದುವರಿಸುತ್ತದೆ, ಮೇಲೆ ನೋಡಲು ಮಾತ್ರ ಹೊಸದು. ಹೊಳೆಯುವ ಕಪ್ಪು ಚಾಸಿಗಿಂತ ಕಂದು ಬಣ್ಣದ ಬತ್ತಲೆ ಚಾಸಿಯೇ ವಾಸಿ. ಅದರಲ್ಲಿ ಇರುವುದೆಲ್ಲ ಕಣ್ಣೆದುರಿಗೇ ಇರುತ್ತದೆ. ಬಾಟಲಿಯಲ್ಲಿ ಬರುವ ತುಕ್ಕು ಪರಿವರ್ತಕ ದ್ರಾವಣಗಳು ಮೇಲ್ಪದರದ ತುಕ್ಕಿಗೆ ಸರಿ. ಅವುಗಳಲ್ಲಿ ಹಲವು ಫಾಸ್ಫಾರಿಕ್ ಆಮ್ಲದಿಂದ ತುಕ್ಕನ್ನು ಗಟ್ಟಿ ಫಾಸ್ಫೇಟ್ ಪದರವಾಗಿಸುತ್ತವೆ. ಹೋದ ಕಬ್ಬಿಣವನ್ನು ಅವು ಮರಳಿ ತರುವುದಿಲ್ಲ.

ಬಾಡಿಯ ಪರೀಕ್ಷೆ ಬೇಗ ಮುಗಿಯುತ್ತದೆ. ಮ್ಯಾಟ್ ಎತ್ತಿ ನೆಲ, ಬಾಗಿಲುಗಳ ಕೆಳ ಅಂಚು, ಬ್ಯಾಟರಿಯ ತಟ್ಟೆ, ಗಾಜಿನ ಚೌಕಟ್ಟು ನೋಡಿ. ಆಯಸ್ಕಾಂತ ಹಿಡಿಯದಲ್ಲಿ ಪುಟ್ಟಿ ತುಂಬಿದ್ದಾರೆ. ಕಬ್ಬಿಣದ ಬ್ರೇಕ್ ಪೈಪುಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಲು ಮಾತ್ರ ಮರೆಯಬೇಡಿ.

ಎಲ್ಲ ವಿಡಿಯೊ ಬಂದ ಮೇಲೆ ತೂಗಿ ನೋಡಿ. ಸೈಲೆನ್ಸರ್, ಆ್ಯಕ್ಸಲ್, ಬೋಲ್ಟ್‌ಗಳ ಮೇಲಿನ ಕಂದು ಪುಡಿ ಸಹಜ, ಅದಕ್ಕಾಗಿ ಒಳ್ಳೆಯ ಗಾಡಿಯನ್ನು ಬಿಡಬೇಡಿ. ಬಾಗಿಲು, ನೆಲದ ತಗಡು ತೂತಾಗಿದ್ದರೆ ಟಿಂಕರಿಂಗ್ ಖರ್ಚನ್ನು ನಿಮ್ಮ ಊರಿನ ಗ್ಯಾರೇಜಿನಲ್ಲಿ ಕೇಳಿ, ಪೂರ್ತಿಯಾಗಿ ಬೆಲೆಯಿಂದ ಇಳಿಸಿ. ಚಾಸಿಯ ಮೇಲೆ ಹಕ್ಕಳೆ ಎದ್ದಿದ್ದರೂ ಕೆರೆದಾಗ ಅಡಿಯಲ್ಲಿ ಗಟ್ಟಿ ಲೋಹ ಸಿಕ್ಕರೆ ಚೌಕಾಸಿ ಮಾಡಬಹುದು. ಸ್ಕ್ರೂಡ್ರೈವರ್ ಒಳಹೋದರೆ, ಇಲ್ಲವೇ ಸ್ಪ್ರಿಂಗ್ ಕೊಂಡಿಗಳ ಬಳಿ ತೇಪೆ ಬೆಸುಗೆ ಕಂಡರೆ, ಎಷ್ಟೇ ಅಗ್ಗವಾದರೂ ಬೇಡ. ಅದೇ ಜಾಗ ಗಾಡಿಯ ಭಾರವನ್ನೂ ಘಾಟಿಯ ಹೊಂಡಗಳ ಹೊಡೆತವನ್ನೂ ಹೊರುವುದು, ಒಳಗೆ ಕೂರುವವರು ನಿಮ್ಮ ಮನೆಯವರು. ಹದಿನೈದು ವರ್ಷದ ಆಸುಪಾಸಿನ ಗಾಡಿಯಾದರೆ ನೋಂದಣಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆಯೂ ಎದುರಿಗಿರುತ್ತದೆ.

ಒಪ್ಪಿಗೆಯಾದರೆ ಆಗ ಟೋಕನ್ ಕೊಡಿ. ಗೋವೆಯಿಂದ ತರುವ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಮನೆಗೆ ತಂದ ಮೊದಲ ವಾರವೇ ಸಿಹಿನೀರಿನಲ್ಲಿ ಚಾಸಿಯ ಒಳಹೊರಗನ್ನು ಚೆನ್ನಾಗಿ ತೊಳೆಸಿ, ಮುಚ್ಚಿದ ರಂಧ್ರಗಳನ್ನು ಕಂಬಿ ಹಾಕಿ ಬಿಡಿಸಿ. ಬಿಸಿಲಿನಲ್ಲಿ ಪೂರ್ತಿ ಒಣಗಿದ ನಂತರ ತೊಲೆಗಳ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಇದನ್ನು ಪ್ರತಿ ವರ್ಷ ಮೇ ತಿಂಗಳ ಒಣಹವೆಯಲ್ಲಿ, ಮೊದಲ ಮಳೆ ಬೀಳುವ ಮುನ್ನ ಮಾಡಿಸಬೇಕು.