ನ್ಯೂಟೋನಿಯನ್ ದೂರದರ್ಶಕದ ಕನ್ನಡಿಗಳನ್ನು ನಾನು ಹೊಂದಿಸುವ ಬಗೆ

ನಾನು ಬಳಸುವುದು 200 ಮಿ.ಮೀ. ವ್ಯಾಸ, 1200 ಮಿ.ಮೀ. ನಾಭಿದೂರದ ನ್ಯೂಟೋನಿಯನ್. ಇದರಲ್ಲಿ ಕೊಳವೆಯ ತಳದ ಮುಖ್ಯ ಕನ್ನಡಿ ಬೆಳಕನ್ನು ಕೂಡಿಸುತ್ತದೆ. ಬಾಯಿಯ ಬಳಿಯ ಚಿಕ್ಕ ಓರೆ ಕನ್ನಡಿ ಅದನ್ನು ಪಕ್ಕದ ಫೋಕಸರ್‌ಗೆ, ಅಂದರೆ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಕೂರುವ ನಳಿಕೆಗೆ, ತಿರುಗಿಸುತ್ತದೆ. ದೂರದರ್ಶಕ ಡಾಬ್ಸೋನಿಯನ್ ಎಂಬ ಸರಳ ಪೆಟ್ಟಿಗೆ ಪೀಠದ ಮೇಲೆ ಕೂರುತ್ತದೆ. ನಾಭಿದೂರವನ್ನು ವ್ಯಾಸದಿಂದ ಭಾಗಿಸಿದರೆ 6 ಬರುತ್ತದೆ, ಹಾಗಾಗಿ ಇದು ಎಫ್/6. ಇಲ್ಲಿ ಹೇಳುವ ಕ್ರಮ ಎಫ್/4ಕ್ಕೂ ಸಲ್ಲುತ್ತದೆ, ಎಫ್/8ಕ್ಕೂ ಸಲ್ಲುತ್ತದೆ. ಎಷ್ಟು ನಿಖರವಾಗಿ ಹೊಂದಿಸಬೇಕು ಎಂಬುದಷ್ಟೇ ಬೇರೆ.

ಪರವಲಯ ಆಕಾರದ ಮುಖ್ಯ ಕನ್ನಡಿ ತನ್ನ ಅಕ್ಷದ ಮೇಲೆ ಮಾತ್ರ ನಕ್ಷತ್ರವನ್ನು ಚುಕ್ಕಿಯಾಗಿ ಮೂಡಿಸುತ್ತದೆ. ಅಕ್ಷದಿಂದ ದೂರ ಹೋದಷ್ಟೂ ಚುಕ್ಕಿಗೆ ಬಾಲ ಬೆಳೆಯುತ್ತದೆ. ಇದೇ ಕೋಮಾ. ಕೋಮಾ ಕಣ್ಣಿಗೆ ಬೀಳದ ವೃತ್ತ ಬಹಳ ಚಿಕ್ಕದು: ಎಫ್ ಸಂಖ್ಯೆಯ ಘನವನ್ನು 0.022ರಿಂದ ಗುಣಿಸಿದರೆ ಅದರ ವ್ಯಾಸ ಮಿ.ಮೀ.ನಲ್ಲಿ ಸಿಗುತ್ತದೆ. ಎಫ್/8ರಲ್ಲಿ ಸುಮಾರು 11 ಮಿ.ಮೀ., ಎಫ್/6ರಲ್ಲಿ 4.8, ಎಫ್/5ರಲ್ಲಿ 2.8, ಎಫ್/4ರಲ್ಲಿ ಬರೀ 1.4. ಈ ಪುಟ್ಟ ವೃತ್ತವನ್ನು ಐಪೀಸಿನ ನಡುಮಧ್ಯಕ್ಕೆ ತರುವುದೇ ಕಾಲಿಮೇಷನ್. ಎಫ್/4 ಕೊಂಡವರು ಪ್ರತಿ ರಾತ್ರಿ ಪರೀಕ್ಷಿಸಬೇಕಾಗುವುದಕ್ಕೂ, ಎಫ್/8 ಇರುವವರು ತಿಂಗಳುಗಟ್ಟಲೆ ಮುಟ್ಟದೆ ನಿಭಾಯಿಸುವುದಕ್ಕೂ ಕಾರಣ ಈ ಘನ.

ಬೇಕಾದ ಸಾಮಾನು ಕಡಿಮೆ. ಅಡ್ಡಗೆರೆ ತಂತಿಯಿರುವ ಉದ್ದ ಚೆಶೈರ್ (ಫೋಕಸರ್‌ಗೆ ತೂರಿಸಿ ಇಣುಕಿ ನೋಡುವ ನಳಿಕೆ), ಓರೆ ಕನ್ನಡಿಯ ಸ್ಕ್ರೂಗಳಿಗೆ ಹೊಂದುವ ಅಲೆನ್ ಕೀ, ಎರಡು ಬಿಳಿ ಹಾಳೆ. ಮುಖ್ಯ ಕನ್ನಡಿಯ ನಡುವೆ ಗುರುತು ಇರಲೇಬೇಕು. ಇಲ್ಲದಿದ್ದರೆ ಕನ್ನಡಿಯಷ್ಟೇ ಅಗಲದ ಕಾಗದದ ವೃತ್ತ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮಡಿಕೆಯ ತುದಿಯಲ್ಲಿ ತೂತು ಕೊರೆದು, ಬಿಡಿಸಿ ಕನ್ನಡಿಯ ಮೇಲಿಟ್ಟು, ಆ ತೂತು ತೋರಿಸುವ ನಡುಜಾಗದ ಸುತ್ತ ಕನ್ನಡಿಯ ಮೇಲೆ ಫೈಲಿನ ಹಾಳೆಗಳಿಗೆ ಅಂಟಿಸುವ ಉಂಗುರವನ್ನು ಕೂರಿಸಿ. ಕನ್ನಡಿ ಹಾಳಾದೀತೆಂಬ ಅಳುಕು ಬೇಡ. ನಡುವಿನ ಆ ಭಾಗ ಹೇಗೂ ಓರೆ ಕನ್ನಡಿಯ ನೆರಳಲ್ಲೇ ಇರುತ್ತದೆ, ಅಲ್ಲಿಗೆ ನಕ್ಷತ್ರದ ಬೆಳಕು ತಲುಪುವುದೇ ಇಲ್ಲ.

ಮೊದಲ ಎರಡು ಹಂತಗಳನ್ನು ಹಗಲಿನಲ್ಲಿ, ಕೊಳವೆಯನ್ನು ಅಡ್ಡ ಮಲಗಿಸಿಕೊಂಡೇ ಮಾಡುತ್ತೇನೆ. ಕೊಳವೆ ನೆಟ್ಟಗೆ ನಿಂತಿರುವಾಗ ಅಲೆನ್ ಕೀ ಕೈಜಾರಿದರೆ ನೇರ ಮುಖ್ಯ ಕನ್ನಡಿಯ ಮೇಲೇ ಬೀಳುತ್ತದೆ. ಕೊಳವೆಯ ಬಾಯಿ ಸೂರ್ಯನ ಕಡೆಗೆ ತಿರುಗದಂತೆ ಇಡಿ.

ಮೊದಲನೆಯದು ಓರೆ ಕನ್ನಡಿಯ ಜಾಗ. ಒಂದು ಹಾಳೆಯನ್ನು ಫೋಕಸರ್‌ನ ಎದುರಿಗೆ ಕೊಳವೆಯ ಒಳಗೋಡೆಗೆ ಅಂಟಿಸಿ, ಇನ್ನೊಂದನ್ನು ಎರಡು ಕನ್ನಡಿಗಳ ನಡುವೆ ಅಡ್ಡ ಇಡಿ. ಇಷ್ಟು ಮಾಡಿದರೆ ಪ್ರತಿಬಿಂಬಗಳ ಗೊಂದಲವೆಲ್ಲ ಮಾಯವಾಗಿ ಓರೆ ಕನ್ನಡಿಯ ಅಂಚೊಂದೇ ಎದ್ದು ಕಾಣುತ್ತದೆ. ಚೆಶೈರ್ ಅನ್ನು ಒಳಗೆ ಹೊರಗೆ ಸರಿಸುತ್ತ, ಅದರ ತುದಿಯ ವೃತ್ತ ಓರೆ ಕನ್ನಡಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕಾಣುವಲ್ಲಿ ನಿಲ್ಲಿಸಿ. ಈಗ ಎರಡು ವೃತ್ತಗಳೂ ಏಕಕೇಂದ್ರವಾಗಿರಬೇಕು. ಕನ್ನಡಿ ಕೊಳವೆಯ ಉದ್ದಕ್ಕೆ ಆಚೀಚೆ ಸರಿದಿದ್ದರೆ ನಡುವಿನ ಬೋಲ್ಟ್ ತಿರುಗಿಸಬೇಕು. ವೃತ್ತದ ಬದಲು ಮೊಟ್ಟೆಯಂತೆ ಕಂಡರೆ ಕನ್ನಡಿಯ ಹಿಡಿಯನ್ನೇ ಸ್ವಲ್ಪ ತಿರುಚಬೇಕು. ಇಲ್ಲಿ ಅವಸರ ಮಾಡಿದರೆ ಮುಂದೆ ಪೇಚು: ತಿರುಚಿಕೊಂಡ ಕನ್ನಡಿಯನ್ನು ಮೂರು ಸ್ಕ್ರೂಗಳ ಓರೆಯಿಂದ ಸರಿತೂಗಿಸಿಬಿಡಬಹುದು. ಆಗ ಎರಡನೇ ಹಂತವೂ ಮೂರನೇ ಹಂತವೂ ಸರಿಯಿದ್ದಂತೆಯೇ ತೋರುತ್ತವೆ. ಆದರೆ ಕಡಿಮೆ ವರ್ಧನೆಯ ಐಪೀಸ್ ಹಾಕಿದಾಗ ದೃಶ್ಯದ ಒಂದು ಮಗ್ಗುಲು ಇನ್ನೊಂದಕ್ಕಿಂತ ಮಬ್ಬಾಗಿರುತ್ತದೆ. ಕಾಲಿಮೇಷನ್‌ಗೆ ಲೇಸರ್ ಒಂದನ್ನೇ ನಂಬುವವರ ಕಣ್ತಪ್ಪುವುದು ಈ ದೋಷವೇ. ಲೇಸರ್‌ಗೆ ಇದನ್ನು ತೋರಿಸಲು ಬರುವುದಿಲ್ಲ.

ಎರಡನೆಯದು ಓರೆ ಕನ್ನಡಿಯ ವಾಲು. ನಡುವಿನ ಹಾಳೆ ತೆಗೆಯಿರಿ. ಚೆಶೈರ್‌ನ ಅಡ್ಡಗೆರೆಗಳು ಕೂಡುವ ಬಿಂದು ಮುಖ್ಯ ಕನ್ನಡಿಯ ಉಂಗುರದ ಮೇಲೆ ಬರುವಂತೆ ಮೂರು ಸ್ಕ್ರೂಗಳನ್ನು ಹೊಂದಿಸಬೇಕು. ಒಂದನ್ನು ಸಡಿಲಿಸಿ ಆಮೇಲೆಯೇ ಉಳಿದೆರಡನ್ನು ಬಿಗಿಯಬೇಕು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ಸಡಿಲಿಸದೆ ಬಿಗಿದರೆ ಸ್ಕ್ರೂಗಳ ತುದಿ ಹಿಡಿಯ ಲೋಹದಲ್ಲಿ ಗುಳಿ ಕೊರೆಯುತ್ತದೆ. ಆಮೇಲೆ ಸಣ್ಣ ತಿದ್ದುಪಡಿ ಮಾಡಹೋದಾಗಲೆಲ್ಲ ಸ್ಕ್ರೂ ಹಳೆಯ ಗುಳಿಗೇ ಜಾರುತ್ತದೆ. ನಡುವೆ ಅಗಲವಾದ ವಾಷರ್ ಹಾಕಿದರೆ ಈ ಕಾಟ ತಪ್ಪುತ್ತದೆ.

ಇಲ್ಲಿ ಬಹಳ ಮಂದಿಯನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಎಫ್/6, ಅದಕ್ಕಿಂತಲೂ ಹೆಚ್ಚಾಗಿ ಎಫ್/5 ಮತ್ತು ಎಫ್/4ರಲ್ಲಿ, ಎಲ್ಲವೂ ಸರಿಯಿದ್ದಾಗಲೂ ಓರೆ ಕನ್ನಡಿಯ ಕಪ್ಪು ನೆರಳು ನಡುವಿನಲ್ಲಿ ಇರುವುದಿಲ್ಲ. ಮುಖ್ಯ ಕನ್ನಡಿಯ ಕಡೆಗೆ ಒಂದಿಷ್ಟು ಸರಿದಿರುತ್ತದೆ. ಬೆಳಕಿನ ಶಂಕುವನ್ನು 45 ಡಿಗ್ರಿಯಲ್ಲಿ ಕತ್ತರಿಸಿದಾಗ, ಮುಖ್ಯ ಕನ್ನಡಿಯ ಕಡೆಯ ಅರ್ಧ ದೊಡ್ಡದು, ಇನ್ನೊಂದರ್ಧ ಚಿಕ್ಕದು. ಹಾಗಾಗಿ ಓರೆ ಕನ್ನಡಿಯನ್ನು ಮುಖ್ಯ ಕನ್ನಡಿಯ ಕಡೆಗೂ ಫೋಕಸರ್‌ನಿಂದ ಆಚೆಗೂ ಸ್ವಲ್ಪ ಸರಿಸಿ ಕೂರಿಸಬೇಕಾಗುತ್ತದೆ. ಅಂದಾಜು ಲೆಕ್ಕ: ಅದರ ಚಿಕ್ಕ ಅಕ್ಷವನ್ನು ಎಫ್ ಸಂಖ್ಯೆಯ ನಾಲ್ಕು ಪಟ್ಟಿನಿಂದ ಭಾಗಿಸಿ. 50 ಮಿ.ಮೀ. ಕನ್ನಡಿಗೆ ಎಫ್/5ರಲ್ಲಿ 2.5 ಮಿ.ಮೀ. ಆ ನೆರಳನ್ನು ನಡುವಿಗೆ ಎಳೆಯಲು ಹೋದವರು ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ. ನೆರಳನ್ನು ಮರೆತು ಉಂಗುರವನ್ನು ಮಾತ್ರ ನೋಡಿ.

ಮೂರನೆಯದು ಮುಖ್ಯ ಕನ್ನಡಿಯ ವಾಲು. ಚಿತ್ರದ ಹರಿತ ನಿಂತಿರುವುದು ಇದರ ಮೇಲೆ. ಮೊದಲೆರಡು ಹಂತಗಳಲ್ಲಿ ಒಂದೆರಡು ಮಿ.ಮೀ. ತಪ್ಪನ್ನು ಕಣ್ಣು ಮನ್ನಿಸುತ್ತದೆ, ಇಲ್ಲಿ ಮನ್ನಿಸುವುದಿಲ್ಲ. ಹೊತ್ತು ಕಡಿಮೆ ಇದ್ದರೆ ಇದೊಂದನ್ನಾದರೂ ಮಾಡಲೇಬೇಕು. ಇದಕ್ಕೆ ಕೊಳವೆಯನ್ನು 45ರಿಂದ 60 ಡಿಗ್ರಿಗೆ ಎತ್ತುತ್ತೇನೆ. ಸ್ಪ್ರಿಂಗುಗಳ ಮೇಲೆ ಕೂತ ಕನ್ನಡಿ ಅಡ್ಡ ಮಲಗಿದಾಗ ಒಂದು ಕಡೆ, ಎದ್ದಾಗ ಇನ್ನೊಂದು ಕಡೆ ವಾಲುತ್ತದೆ. ನಾವು ಆಕಾಶ ನೋಡುವುದು ಕೊಳವೆ ಎದ್ದಾಗಲೇ. ಲಾಕ್ ಸ್ಕ್ರೂಗಳನ್ನು ಸಡಿಲಿಸಿ, ಹಿಂದಿನ ಮೂರು ಗುಬುಟುಗಳಿಗೆ 1, 2, 3 ಎಂದು ಪಟ್ಟಿ ಅಂಟಿಸಿ, ಯಾವುದು ಉಂಗುರವನ್ನು ಎತ್ತ ಸರಿಸುತ್ತದೆಂದು ಒಮ್ಮೆ ಬರೆದಿಟ್ಟುಕೊಳ್ಳಿ. ಉದ್ದ ಕೊಳವೆಯಲ್ಲಿ ಕಣ್ಣು ಒಂದು ತುದಿಗೆ, ಕೈ ಇನ್ನೊಂದು ತುದಿಗೆ ಎಟಕುವುದಿಲ್ಲ. ಈ ಚೀಟಿ ಇದ್ದರೆ ಅರ್ಧ ಓಡಾಟ ಉಳಿಯುತ್ತದೆ. ಚೆಶೈರ್‌ನ ಬೆಳಗುವ ಮುಖದ ನಡುವಿನ ಕಪ್ಪು ತೂತು ಉಂಗುರದೊಳಗೆ ಸರಿಯಾಗಿ ಕೂತರೆ ಆಯಿತು. ಗುಬುಟು ಪೂರ್ತಿ ಒಳಕ್ಕೆ ಹೋಗಿ ನಿಂತಿದ್ದರೆ ಮೂರನ್ನೂ ಎರಡೆರಡು ಸುತ್ತು ಹೊರಗೆ ತಂದು ಹೊಸದಾಗಿ ಶುರುಮಾಡಿ. ಕೊನೆಗೆ ಲಾಕ್ ಸ್ಕ್ರೂಗಳನ್ನು ಸರದಿಯಂತೆ ಚೂರು ಚೂರೇ ತಾಗಿಸಿ. ಒಂದನ್ನೇ ಗಟ್ಟಿಯಾಗಿ ಬಿಗಿದರೆ ಮಾಡಿದ್ದೆಲ್ಲ ಕದಲುತ್ತದೆ.

ಲೇಸರ್ ಬಳಸುವವರು ಮೊದಲು ಲೇಸರನ್ನೇ ಪರೀಕ್ಷಿಸಬೇಕು. ವಿ ಆಕಾರದ ತೊಟ್ಟಿಲಲ್ಲಿಟ್ಟು ಐದು ಮೀಟರ್ ದೂರದ ಗೋಡೆಗೆ ಹಿಡಿದು ಉರುಳಿಸಿ. ಚುಕ್ಕಿ ಒಂದೇ ಕಡೆ ನಿಂತರೆ ಸರಿ, ವೃತ್ತ ಬರೆದರೆ ಆ ಲೇಸರ್ ಸುಳ್ಳು ಹೇಳುತ್ತಿದೆ. ಫೋಕಸರ್‌ನೊಳಗಿನ ಸಡಿಲವೂ ಚುಕ್ಕಿಯನ್ನು ಸರಿಸುತ್ತದೆ. ಲೇಸರ್‌ನ ಮುಂದೆ ಬಾರ್ಲೋ (ವರ್ಧನೆ ಹೆಚ್ಚಿಸುವ ಮಸೂರ) ಹಾಕಿ, ಮರಳಿ ಬರುವ ಬೆಳಕಿನಲ್ಲಿ ಉಂಗುರದ ನೆರಳನ್ನು ನೋಡಿದರೆ ಈ ಸಡಿಲ ಬಹುಮಟ್ಟಿಗೆ ಬಾಧಿಸದು. ಕತ್ತಲಲ್ಲಿ ಮೂರನೇ ಹಂತಕ್ಕೆ ಇದು ನಿಜಕ್ಕೂ ಒಳ್ಳೆಯ ದಾರಿ.

ಪೀಠದ ವಿಚಾರ ಸರಳ: ಅಲುಗದ ನೆಲ, ಕಣ್ಣಳತೆಗೆ ಮಟ್ಟ. ಫೈಂಡರನ್ನು (ಗುರಿ ಹಿಡಿಯಲು ಕೊಳವೆಗೆ ಕೂರಿಸಿದ ಪುಟ್ಟ ದೂರದರ್ಶಕ) ಹಗಲಲ್ಲೇ ಒಂದು ಕಿಲೋಮೀಟರಿಗಿಂತ ದೂರದ ಕಂಬದ ತುದಿಗೆ ಹೊಂದಿಸಿ, ರಾತ್ರಿ ನಕ್ಷತ್ರದ ಮೇಲೆ ತಿದ್ದಿಕೊಂಡರೆ ಸಾಕು. ಸೂರ್ಯನ ಹತ್ತಿರಕ್ಕೆ ಮಾತ್ರ ಹೋಗಬೇಡಿ, ಕಣ್ಣು ಒಂದೇ ಕ್ಷಣದಲ್ಲಿ ಹೋಗುತ್ತದೆ.

ಕೊನೆಯ ತೀರ್ಪು ನಕ್ಷತ್ರದ್ದು. ಅದಕ್ಕೆ ಮುನ್ನ ದೂರದರ್ಶಕ ಹೊರಗಿನ ಗಾಳಿಗೆ ಒಗ್ಗಲು ಒಂದು ಗಂಟೆಯಾದರೂ ಬಿಡಿ. ಬಿಸಿ ಕನ್ನಡಿಯಿಂದ ಏಳುವ ಗಾಳಿ ನಕ್ಷತ್ರವನ್ನು ಕಲಕುತ್ತದೆ, ನೀವು ಕಾಲಿಮೇಷನ್ ಕೆಟ್ಟಿದೆಯೆಂದು ಮತ್ತೆ ತಿರುಪಲು ಹೋಗುತ್ತೀರಿ. ನೆತ್ತಿಯ ಹತ್ತಿರದ ಎರಡನೇ ಪ್ರಮಾಣದ, ಅಂದರೆ ಬರಿಗಣ್ಣಿಗೆ ಚೆನ್ನಾಗಿ ಕಾಣುವಷ್ಟು ಹೊಳಪಿನ, ನಕ್ಷತ್ರ ಹಿಡಿಯಿರಿ. ಧ್ರುವ ನಕ್ಷತ್ರ ಅಷ್ಟಾಗಿ ಕದಲದಿರುವುದು ಅನುಕೂಲ. ಆದರೆ ಭೂಮಧ್ಯರೇಖೆಗೆ ಹತ್ತಿರದ ಅಕ್ಷಾಂಶಗಳಲ್ಲಿ ಅದು ತೀರ ತಗ್ಗಿನಲ್ಲಿದ್ದು ದಪ್ಪ ಗಾಳಿಯ ಮೂಲಕ ನಡುಗುತ್ತದೆ. 6 ಮಿ.ಮೀ. ಐಪೀಸ್ ಹಾಕಿದರೆ ನನಗೆ 200 ಪಟ್ಟು ವರ್ಧನೆ. 50 ಡಿಗ್ರಿಯ ಐಪೀಸಿನಲ್ಲಿ ಆಗ ಕಾಣುವುದು ಆಕಾಶದ ಕಾಲು ಡಿಗ್ರಿ. ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ವೃತ್ತ) ಬಳಿಯ ನಕ್ಷತ್ರ ಅದನ್ನು ಒಂದೇ ನಿಮಿಷದಲ್ಲಿ ದಾಟಿಬಿಡುತ್ತದೆ. ನಡುವೆ ಬಂದಾಗ ಮಾತ್ರ ತೀರ್ಮಾನಿಸಿ, ಅಂಚಿನಲ್ಲಿ ಎಲ್ಲ ನ್ಯೂಟೋನಿಯನ್‌ಗಳಿಗೂ ಕೋಮಾ ಇದ್ದದ್ದೇ.

ಫೋಕಸ್ ಅನ್ನು ನಾಲ್ಕೈದು ಬಳೆಗಳು ಕಾಣುವಷ್ಟು ಮಾತ್ರ ಕೆಡಿಸಿ. ಬಳೆಗಳು ಏಕಕೇಂದ್ರವಾಗಿದ್ದರೆ ಮುಗಿಯಿತು. ಒಂದು ಕಡೆ ಒತ್ತಾಗಿದ್ದರೆ ಯಾವುದಾದರೂ ಒಂದು ಗುಬುಟನ್ನು ಎಂಟನೇ ಒಂದು ಸುತ್ತು ತಿರುಗಿಸಿ, ಸರಿದ ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ಹೆಚ್ಚು ಕೆಟ್ಟಿತೇ, ಅದನ್ನೇ ಹಿಂದಕ್ಕೆ ತಿರುಗಿಸಿ. ತುಂಬ ಫೋಕಸ್ ಕೆಡಿಸಿ, ದೊಡ್ಡ ವಡೆಯಂತೆ ಕಾಣುವಾಗ ತೂತು ನಡುವಿಲ್ಲವೆಂದು ತಿದ್ದಬೇಡಿ. ಅಲ್ಲಿ ಕಾಣುವುದು ಮತ್ತದೇ ಓರೆ ಕನ್ನಡಿಯ ನೆರಳು.

ಕೆಲವು ದೋಷಗಳು ಎಷ್ಟು ತಿರುಪಿದರೂ ಹೋಗುವುದಿಲ್ಲ, ಏಕೆಂದರೆ ಅವು ವಾಲಿನವಲ್ಲ. ನಕ್ಷತ್ರ ತ್ರಿಕೋನವಾಗಿ ಕಂಡರೆ ಮುಖ್ಯ ಕನ್ನಡಿಯ ಮೂರು ಕ್ಲಿಪ್‌ಗಳು ಗಾಜನ್ನು ಹಿಂಡುತ್ತಿವೆ. ಕ್ಲಿಪ್ ಮತ್ತು ಗಾಜಿನ ನಡುವೆ ಕಾಗದ ನುಸುಳುವಷ್ಟು ಜಾಗ ಬಿಡಿ. ಫೋಕಸ್‌ನ ಒಂದು ಬದಿಯಲ್ಲಿ ಅಡ್ಡಕ್ಕೆ, ಇನ್ನೊಂದು ಬದಿಯಲ್ಲಿ ಉದ್ದಕ್ಕೆ ಹಿಗ್ಗಿದರೆ ಅದು ಅಸ್ಟಿಗ್ಮಾಟಿಸಂ. ತಲೆ ಓರೆ ಮಾಡಿ ನೋಡಿ: ಹಿಗ್ಗುವ ದಿಕ್ಕೂ ತಲೆಯ ಜೊತೆ ತಿರುಗಿದರೆ ದೋಷ ನಿಮ್ಮ ಕಣ್ಣಿನದು, ಕನ್ನಡಕ ಹಾಕಿಕೊಂಡು ನೋಡಿ, ತಿರುಗದಿದ್ದರೆ ಹಿಡಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡ ಓರೆ ಕನ್ನಡಿಯನ್ನು ಮೊದಲು ಶಂಕಿಸಿ. ಇವೆಲ್ಲ ಸರಿಹೋದ ರಾತ್ರಿ ನಾನು ದೂರದರ್ಶಕವನ್ನು ಅಭಿಜಿತ್ ನಕ್ಷತ್ರದ ಪಕ್ಕದ ಎಪ್ಸಿಲಾನ್ ಲೈರೆ ಎಂಬ ಜೋಡಿ ನಕ್ಷತ್ರಗಳ ಕಡೆಗೆ ತಿರುಗಿಸುತ್ತೇನೆ. ಅಲ್ಲಿನ ಎರಡು ಜೋಡಿಗಳಲ್ಲೂ ನಕ್ಷತ್ರಗಳ ನಡುವಿನ ಅಂತರ ಎರಡು ಆರ್ಕ್ ಸೆಕೆಂಡಿಗಿಂತ (ಒಂದು ಆರ್ಕ್ ಸೆಕೆಂಡ್ ಡಿಗ್ರಿಯ 3600ನೇ ಒಂದು ಭಾಗ) ಸ್ವಲ್ಪವೇ ಹೆಚ್ಚು. ಗಾಳಿ ಶಾಂತವಾಗಿದ್ದರೆ 200 ಪಟ್ಟಿನಲ್ಲಿ ಎರಡೂ ಜೋಡಿಗಳ ನಕ್ಷತ್ರಗಳು ನಡುವೆ ಕಪ್ಪು ಗೆರೆ ಬಿಟ್ಟು ಬೇರೆಬೇರೆಯಾಗಿ ನಿಲ್ಲುತ್ತವೆ.